‘ಯೂನಿವರ್ಸಿಟಿ ಕಂಡುಹಿಡಿದಿದೆ’ ಎಂಬ ಫಾರ್ವರ್ಡ್ ಬಂದಾಗ: ಸಂಶೋಧನಾ ಪ್ರಾಜೆಕ್ಟ್ ಎಂದರೇನು, ಅದು ನಮ್ಮ ಮನೆ ತಲುಪಲು ಎಷ್ಟು ಕಾಲ ಬೇಕು?

2020ರಲ್ಲಿ ಕೊರೊನಾ ಕಾಲದಲ್ಲಿ ಓಡಾಡಿದ ಈ ಮೆಸೇಜ್ ನಿಮಗೆ ನೆನಪಿರಬಹುದು. ಪಾಂಡಿಚೇರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕೊರೊನಾಕ್ಕೆ ಮನೆಮದ್ದು ಕಂಡುಹಿಡಿದಿದ್ದಾನೆ, ಕಾಳುಮೆಣಸಿನ ಪುಡಿ, ಜೇನುತುಪ್ಪ, ಶುಂಠಿ ರಸ ಸೇರಿಸಿ 5 ದಿನ ತೆಗೆದುಕೊಂಡರೆ ಸಾಕು, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ ಎಂದು ಅದರಲ್ಲಿತ್ತು. ವಿಶ್ವವಿದ್ಯಾಲಯ ಇದು ಸುಳ್ಳು ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯಂತೂ ಅಂಥ ಯಾವ ಮದ್ದನ್ನೂ ಒಪ್ಪಿರಲಿಲ್ಲ. ಆದರೂ ಮೆಸೇಜ್ ಇಂಗ್ಲಿಷ್, ಹಿಂದಿ, ಕನ್ನಡ ಎನ್ನದೆ ಎಲ್ಲ ಗ್ರೂಪ್‌ಗಳನ್ನೂ ಸುತ್ತಿತು.

ಮೆಣಸು, ಶುಂಠಿ, ಜೇನು ಯಾರಿಗೂ ಹೊಸದಲ್ಲ. ಶೀತ ಆದಾಗ ಅಜ್ಜಿ ಮಾಡಿಕೊಡುವ ಕಷಾಯ ಅದು. ಆ ಕಷಾಯಕ್ಕೆ ‘ಔಷಧಿ’ಯ ತೂಕ ತಂದುಕೊಟ್ಟದ್ದು ‘ವಿಶ್ವವಿದ್ಯಾಲಯ’ ಎಂಬ ಒಂದು ಪದ. ಅದೇ ವರ್ಷ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ನೊಬೆಲ್ ವಿಜೇತ ತಸುಕು ಹೊಂಜೊ ಅವರ ಹೆಸರಿನಲ್ಲಿ ‘ಕೊರೊನಾ ಮನುಷ್ಯ ತಯಾರಿಸಿದ್ದು’ ಎಂಬ ಹೇಳಿಕೆ ಹರಿದಾಡಿತು. ತಾವು ಹಾಗೆ ಹೇಳಿಲ್ಲ ಎಂದು ಅವರೇ ಪ್ರಕಟಣೆ ಹೊರಡಿಸಬೇಕಾಯಿತು. ಇನ್ನೂ ಹಳೆಯದೊಂದಿದೆ: ‘ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಫ್ರೀಜ್ ಮಾಡಬೇಡಿ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ’ ಎಂಬ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಹೆಸರಿನ ಸಂದೇಶ. ಅದು ಇಮೇಲ್ ಕಾಲದಲ್ಲೇ ಶುರುವಾದದ್ದು. ಇದು ತಮ್ಮದಲ್ಲ ಎಂದು ಆ ಸಂಸ್ಥೆ ಸಾಲು ಸಾಲಾಗಿ ಉತ್ತರ ಬರೆದು ವರ್ಷಗಳೇ ಆದವು. ಮೆಸೇಜ್ ಮಾತ್ರ ಇನ್ನೂ ಸತ್ತಿಲ್ಲ.

ಇವೆಲ್ಲ ಶುದ್ಧ ಸುಳ್ಳುಗಳು, ಹಾಗಾಗಿ ಹಿಡಿಯುವುದು ಸುಲಭ. ನಿಜವಾದ ತೊಂದರೆ ಬರುವುದು ಸಂಶೋಧನೆ ನಿಜವಾಗಿಯೂ ನಡೆದಿದ್ದು, ಫಾರ್ವರ್ಡ್ ಅದನ್ನು ಎಳೆದು ಹತ್ತು ಪಟ್ಟು ಮಾಡಿದಾಗ. ಅದನ್ನು ಹಿಡಿಯಬೇಕಾದರೆ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಹೇಗೆ ನಡೆಯುತ್ತದೆ ಎಂಬುದು ಸ್ವಲ್ಪವಾದರೂ ಗೊತ್ತಿರಬೇಕು.

ಪ್ರಾಜೆಕ್ಟ್ ಯಾರದು, ದುಡ್ಡು ಯಾರದು?

‘ಯೂನಿವರ್ಸಿಟಿ ಕಂಡುಹಿಡಿದಿದೆ’ ಎನ್ನುತ್ತೇವೆ. ಆದರೆ ವಿಶ್ವವಿದ್ಯಾಲಯ ಎಂಬ ಕಟ್ಟಡ ಏನನ್ನೂ ಕಂಡುಹಿಡಿಯುವುದಿಲ್ಲ. ಒಬ್ಬ ಪ್ರಾಧ್ಯಾಪಕರು, ಅವರ ಕೈಕೆಳಗೆ ಮೂರ್ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳು, ಒಬ್ಬರೋ ಇಬ್ಬರೋ ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು ಇರುವ ಒಂದು ಸಣ್ಣ ತಂಡದ ಕೆಲಸ ಅದು. ಪ್ರಾಧ್ಯಾಪಕರು ಒಂದು ಪ್ರಶ್ನೆ ಹಿಡಿದು ಅರ್ಜಿ ಬರೆಯುತ್ತಾರೆ. ಏನನ್ನು ತಿಳಿಯಬೇಕು, ಹೇಗೆ ತಿಳಿಯುತ್ತೇವೆ, ಯಾವ ಉಪಕರಣ ಬೇಕು, ಎಷ್ಟು ಹಣ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹಣ ಕೊಡುವುದು ಹೆಚ್ಚಾಗಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಜೈವಿಕ ತಂತ್ರಜ್ಞಾನ ಇಲಾಖೆ, ವೈದ್ಯಕೀಯಕ್ಕಾದರೆ ಐಸಿಎಂಆರ್, ಕೃಷಿಗಾದರೆ ಐಸಿಎಆರ್. 2023ರಲ್ಲಿ ಸಂಸತ್ತು ಕಾನೂನು ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಿತು. ಈ ಕೆಲಸ ಮಾಡುತ್ತಿದ್ದ ಹಳೆಯ ಮಂಡಳಿ ಅದರೊಳಗೆ ಸೇರಿಕೊಂಡಿತು.

ಸಾಮಾನ್ಯವಾಗಿ ಒಂದು ಪ್ರಾಜೆಕ್ಟ್‌ನ ಅವಧಿ 3 ವರ್ಷ. ದಿನವಿಡೀ ಲ್ಯಾಬ್‌ನಲ್ಲಿ ನಿಂತು ಕೆಲಸ ಮಾಡುವ ಜೂನಿಯರ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಅದಕ್ಕೂ ಮೊದಲು 31,000 ಇತ್ತು. ಖರ್ಚಿನ ಲೆಕ್ಕ ಒಪ್ಪಿಸುವ ಯುಟಿಲೈಸೇಷನ್ ಸರ್ಟಿಫಿಕೇಟ್ ಕಳಿಸದೆ ಮುಂದಿನ ಕಂತು ಬರುವುದಿಲ್ಲ. ಈ ಒಂದು ಕಾಗದದ ಬಗ್ಗೆ ಮಾತು ತೆಗೆದರೆ ಯಾವ ಪ್ರಾಧ್ಯಾಪಕರಾದರೂ ಅರ್ಧ ಗಂಟೆ ಬೇಸರ ತೋಡಿಕೊಳ್ಳುತ್ತಾರೆ.

3 ವರ್ಷದ ಕೊನೆಗೆ ಸಿಗುವುದು ಬಹಳ ಸಲ ಒಂದು ಸಣ್ಣ ಉತ್ತರ. ‘ಈ ವಸ್ತು ಇಂಥ ಉಷ್ಣಾಂಶದಲ್ಲಿ ಹೀಗೆ ವರ್ತಿಸುತ್ತದೆ’, ಅಥವಾ ‘ನಾವು ಅಂದುಕೊಂಡಂತೆ ಆಗಲಿಲ್ಲ’. ಎರಡನೆಯದೂ ಸರಿಯಾದ ಉತ್ತರವೇ, ಆದರೆ ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಫೈನಲ್ ಇಯರ್ ಪ್ರಾಜೆಕ್ಟ್ ಬೇರೆ, ಸಂಶೋಧನೆ ಬೇರೆ

‘ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸಾಧನೆ: ನೀರಿನಿಂದ ಓಡುವ ಬೈಕ್!’ ವರ್ಷಕ್ಕೊಮ್ಮೆಯಾದರೂ ಇಂಥ ವಿಡಿಯೊ ಬರುತ್ತದೆ. ಜೊತೆಗೆ ‘ಪೆಟ್ರೋಲ್ ಕಂಪನಿಗಳು ಇದನ್ನು ಮುಚ್ಚಿಹಾಕುತ್ತಿವೆ, ಶೇರ್ ಮಾಡಿ’ ಎಂಬ ಸಾಲೂ ಇರುತ್ತದೆ.

ಕೊನೆಯ ವರ್ಷದ ಬಿಇ ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟ್ ಮಾಡಲೇಬೇಕು. ಅದಕ್ಕೆ ಅಂಕವಿದೆ. ಒಳ್ಳೆಯ ಪ್ರಾಜೆಕ್ಟ್‌ಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಸಣ್ಣ ಮೊತ್ತದ ನೆರವು ಕೊಡುತ್ತಾ ಬಂದಿದೆ. ಅಡಿಕೆ ಸುಲಿಯುವ ಯಂತ್ರ, ಅಂಧರಿಗೆ ಕೋಲು, ನೀರಾವರಿ ಪಂಪ್‌ಗೆ ಮೊಬೈಲ್ ನಿಯಂತ್ರಣ ಇಂಥವು ಪ್ರತಿ ಜಿಲ್ಲೆಯ ಕಾಲೇಜಿನಲ್ಲೂ ತಯಾರಾಗುತ್ತವೆ. ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ. ಆದರೆ ಇವುಗಳ ಉದ್ದೇಶ ಕಲಿಯುವುದು. ಕಲಿತದ್ದನ್ನು ಕೈಯಾರೆ ಮಾಡಿ ನೋಡುವ ಕೆಲಸ ಅದು, ಪ್ರಪಂಚಕ್ಕೆ ಗೊತ್ತಿರದ ಸಂಗತಿಯನ್ನು ಹುಡುಕುವುದಲ್ಲ.

ನೀರಿನ ಬೈಕ್ ವಿಷಯಕ್ಕೆ ಬಂದರೆ, ನೀರು ಇಂಧನವೇ ಅಲ್ಲ. ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯುವುದೇ ನೀರು, ಸೌದೆ ಉರಿದ ಮೇಲೆ ಬೂದಿ ಉಳಿಯುವಂತೆ. ಬೂದಿಯಿಂದ ಮತ್ತೆ ಒಲೆ ಹಚ್ಚಲು ಆಗುವುದಿಲ್ಲ. ಕರೆಂಟ್ ಕೊಟ್ಟು ನೀರನ್ನು ಒಡೆದು ಹೈಡ್ರೋಜನ್ ಪಡೆಯಬಹುದು, ಅದನ್ನು ಉರಿಸಿ ಬೈಕ್ ಓಡಿಸಲೂಬಹುದು. ಆದರೆ ಒಡೆಯಲು ಕೊಟ್ಟಷ್ಟು ಶಕ್ತಿ ಉರಿಸಿದಾಗ ಪೂರ್ತಿ ವಾಪಸ್ ಬರುವುದಿಲ್ಲ. ಅಂದರೆ ಆ ವಿಡಿಯೊದಲ್ಲಿರುವ ಬೈಕ್ ಓಡುತ್ತಿರುವುದು ಬ್ಯಾಟರಿಯ ಬಲದಿಂದಲೋ, ತೋರಿಸದ ಪೆಟ್ರೋಲ್‌ನಿಂದಲೋ ಇರಬೇಕು. ಮುಚ್ಚಿಹಾಕಲು ಇಲ್ಲಿ ಏನೂ ಇಲ್ಲ.

ಪೇಪರ್, ಪ್ರಿಪ್ರಿಂಟ್, ಪೇಟೆಂಟ್

ಫಾರ್ವರ್ಡ್‌ಗಳಲ್ಲಿ ಈ ಮೂರೂ ಒಂದೇ ಎಂಬಂತೆ ಬಳಕೆಯಾಗುತ್ತವೆ. ಮೂರೂ ಬೇರೆ ಬೇರೆ.

ಸಂಶೋಧಕರು ತಮ್ಮ ಫಲಿತಾಂಶವನ್ನು ಬರೆದು ಜರ್ನಲ್‌ಗೆ ಕಳಿಸುತ್ತಾರೆ. ಅದೇ ವಿಷಯ ಬಲ್ಲ ಎರಡು ಮೂರು ಮಂದಿ ಅದನ್ನು ಓದಿ ಪ್ರಶ್ನೆ ಕೇಳುತ್ತಾರೆ. ಲೆಕ್ಕ ಸರಿಯಿದೆಯೇ, ಹೋಲಿಕೆಗೆ ಬೇರೆ ಗುಂಪು ಇಟ್ಟುಕೊಂಡಿದ್ದರೇ, ಈ ತೀರ್ಮಾನಕ್ಕೆ ಇಷ್ಟು ಪುರಾವೆ ಸಾಕೇ ಎಂದೆಲ್ಲ ನೋಡುತ್ತಾರೆ. ಈ ಪರಿಶೀಲನೆಗೆ ತಿಂಗಳುಗಳು ಹಿಡಿಯುತ್ತವೆ. ಪರಿಶೀಲಿಸುವವರಿಗೆ ಸಾಮಾನ್ಯವಾಗಿ ಒಂದು ರೂಪಾಯಿಯೂ ಸಿಗುವುದಿಲ್ಲ. ಇದನ್ನು ದಾಟಿ ಬಂದದ್ದು ‘ಪೇಪರ್’. ದುಡ್ಡು ಕಟ್ಟಿದರೆ ಏನನ್ನು ಬೇಕಾದರೂ ಅಚ್ಚು ಹಾಕುವ ನಕಲಿ ಜರ್ನಲ್‌ಗಳೂ ಇವೆ. ‘ಅಂತರರಾಷ್ಟ್ರೀಯ’ ಎಂಬ ಪದ ಅವುಗಳ ಹೆಸರಿನಲ್ಲೇ ಹೆಚ್ಚು ಕಾಣುವುದು.

ಪರಿಶೀಲನೆಗೆ ಮೊದಲೇ ಎಲ್ಲರೂ ನೋಡಲಿ ಎಂದು ಇಂಟರ್‌ನೆಟ್‌ನಲ್ಲಿ ಹಾಕುವ ಕರಡು ‘ಪ್ರಿಪ್ರಿಂಟ್’. ಇದು ಒಳ್ಳೆಯ ಪದ್ಧತಿಯೇ. ಎಲ್ಲರ ಕಣ್ಣಿಗೆ ಬೇಗ ಬಿದ್ದರೆ ತಪ್ಪೂ ಬೇಗ ಸಿಗುತ್ತದೆ. ಆದರೆ ಪತ್ರಿಕೆಯವರು ಕರಡನ್ನೇ ಅಂತಿಮ ಎಂದು ಬರೆದಾಗ ಕೆಡುತ್ತದೆ.

2018ರ ಜುಲೈನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಇಂಥದೊಂದು ಕರಡು ಹಾಕಿದರು. ಚಿನ್ನ ಮತ್ತು ಬೆಳ್ಳಿಯ ಅತಿ ಸೂಕ್ಷ್ಮ ಕಣಗಳಿಂದ ಮಾಡಿದ ವಸ್ತುವೊಂದು ಮೈನಸ್ 37 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಒಂದಿಷ್ಟೂ ನಷ್ಟವಿಲ್ಲದೆ ವಿದ್ಯುತ್ ಹರಿಸುತ್ತದೆ ಎಂಬ ಸೂಚನೆ ಅದರಲ್ಲಿತ್ತು. ಸಾಮಾನ್ಯ ಒತ್ತಡದಲ್ಲಿ ಈ ಗುಣ ತೋರುವ ವಸ್ತುಗಳಿಗೆ ಮೈನಸ್ 100 ಡಿಗ್ರಿಗಿಂತಲೂ ಕೆಳಗಿನ ಚಳಿ ಬೇಕು. ಹಾಗಾಗಿ ಇದು ನಿಜವಾದರೆ ನೊಬೆಲ್ ಮಟ್ಟದ ಸುದ್ದಿ. ಕೆಲವೇ ದಿನಗಳಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಆ ಕರಡಿನ ಗ್ರಾಫ್‌ನಲ್ಲಿ ಒಂದು ವಿಚಿತ್ರ ಗಮನಿಸಿದರು. ಬೇರೆ ಬೇರೆ ಅಳತೆಗಳಲ್ಲಿ ಬರುವ ಸಣ್ಣ ಏರುಪೇರು ಒಂದಕ್ಕೊಂದು ಹೋಲಬಾರದು. ಇಲ್ಲಿ ಎರಡು ಅಳತೆಗಳಲ್ಲಿ ಅದೇ ಏರುಪೇರು ಮರುಕಳಿಸಿತ್ತು. ಪ್ರಪಂಚದ ಬೇರೆ ಲ್ಯಾಬ್‌ಗಳು ಪ್ರಶ್ನೆ ಕೇಳಿದವು. ಸಂಶೋಧಕರು 2019ರಲ್ಲಿ ಹೆಚ್ಚಿನ ವಿವರಗಳೊಂದಿಗೆ ಪರಿಷ್ಕೃತ ಕರಡು ಪ್ರಕಟಿಸಿದರು. ಆದರೆ ಆ ವಸ್ತುವನ್ನು ವಿಜ್ಞಾನ ಲೋಕ ಒಪ್ಪಿಕೊಂಡಿಲ್ಲ.

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ‘ಎಲ್‌ಕೆ-99’ ಎಂಬ ವಸ್ತುವಿನ ಬಗ್ಗೆ ಇದೇ ಬಗೆಯ ಕರಡು ಹಾಕಿತು. ಅಯಸ್ಕಾಂತದ ಮೇಲೆ ಚೂರೊಂದು ಅರ್ಧ ತೇಲುವ ವಿಡಿಯೊ ಎಲ್ಲರ ಫೋನಿಗೂ ಬಂತು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಸೇರಿದಂತೆ ಹಲವು ಲ್ಯಾಬ್‌ಗಳು ಅದನ್ನು ತಯಾರಿಸಿ ನೋಡಿದವು. ಸೂಪರ್‌ಕಂಡಕ್ಟರ್ ಆಗಲಿಲ್ಲ. ಅದರಲ್ಲಿ ಸೇರಿಕೊಂಡಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶವೇ ಅಳತೆಯನ್ನು ದಾರಿ ತಪ್ಪಿಸಿತ್ತು ಎಂಬುದು ಆಗಸ್ಟ್ ಮಧ್ಯದ ಹೊತ್ತಿಗೆ ಗೊತ್ತಾಯಿತು. ಇವನ್ನು ನೋಡಿ ‘ವಿಜ್ಞಾನಿಗಳೇ ಸುಳ್ಳು ಹೇಳುತ್ತಾರೆ’ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಒಬ್ಬರು ಹೇಳಿದ್ದನ್ನು ಪರಿಚಯವೇ ಇಲ್ಲದ ಹತ್ತು ಮಂದಿ ಮೂರು ವಾರದಲ್ಲಿ ಪರೀಕ್ಷಿಸಿ ‘ಇಲ್ಲ’ ಎಂದರಲ್ಲ, ಅಂಥ ವ್ಯವಸ್ಥೆ ನಮ್ಮ ಸಮಾಜದ ಬೇರೆ ಎಲ್ಲಿದೆ?

ಇನ್ನು ಪೇಟೆಂಟ್. ‘ಭಾರತ ಸರ್ಕಾರದಿಂದ ಪೇಟೆಂಟ್ ಪಡೆದ ಔಷಧ’ ಎಂದರೆ ‘ಸರ್ಕಾರ ಪರೀಕ್ಷಿಸಿ ಗುಣವಾಗುತ್ತದೆ ಎಂದಿದೆ’ ಎಂದು ಬಹಳ ಜನ ತಿಳಿಯುತ್ತಾರೆ. ಪೇಟೆಂಟ್ ಕಚೇರಿ ನೋಡುವುದು ಇದು ಹೊಸದೇ, ಯಾರಿಗೂ ಸುಲಭವಾಗಿ ಹೊಳೆಯುವಂಥದ್ದಲ್ಲವೇ, ಕೈಗಾರಿಕೆಯಲ್ಲಿ ಮಾಡಲು ಬರುತ್ತದೆಯೇ ಎಂಬುದನ್ನು. ರೋಗಿಗೆ ಗುಣವಾಯಿತೇ ಎಂದು ಆಸ್ಪತ್ರೆಯಲ್ಲಿ ಪರೀಕ್ಷಿಸುವುದು ಅದರ ಕೆಲಸವಲ್ಲ. ಇನ್ನೊಂದು ಸೂಕ್ಷ್ಮವಿದೆ. ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ‘ಪ್ರಕಟ’ವಾಗುತ್ತದೆ. ಪ್ರಕಟವಾಗುವುದು ಬೇರೆ, ಮಂಜೂರಾಗುವುದು ಬೇರೆ. ಕಾಲೇಜುಗಳ ಜಾಹೀರಾತಿನಲ್ಲಿ ‘50 ಪೇಟೆಂಟ್’ ಎಂದಿದ್ದರೆ ಅದರಲ್ಲಿ ಮಂಜೂರಾದವು ಎಷ್ಟು ಎಂದು ಕೇಳಿ. ಮಗಳಿಗೋ ಮಗನಿಗೋ ಸೀಟು ಹುಡುಕುತ್ತಿರುವವರು ಇದನ್ನು ಧೈರ್ಯವಾಗಿ ಕೇಳಬಹುದು.

ಗಾಜಿನ ತಟ್ಟೆ, ಇಲಿ, ಮನುಷ್ಯ

ಆರೋಗ್ಯದ ಸುದ್ದಿಯಲ್ಲಿ ತಪ್ಪು ತಿಳಿವಳಿಕೆಗೆ ಬೆಲೆ ತೆರಬೇಕಾದದ್ದು ಮನೆಯವರು.

‘ಅರಿಶಿನ ಕ್ಯಾನ್ಸರ್ ಕೊಲ್ಲುತ್ತದೆ ಎಂದು ಸಂಶೋಧನೆ ಹೇಳಿದೆ.’ ಹೌದು, ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಲ್ಯಾಬ್‌ನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ನಿಜ. ಆದರೆ ಅದೇ ತಟ್ಟೆಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿದರೂ ಕೋಶಗಳು ಸಾಯುತ್ತವೆ. ಕೋಶವನ್ನು ಕೊಲ್ಲುವುದು ಕಷ್ಟವಲ್ಲ, ಪಕ್ಕದ ಒಳ್ಳೆಯ ಕೋಶವನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ಕೊಲ್ಲುವುದು ಕಷ್ಟ. ಮೇಲಾಗಿ ನಾವು ತಿಂದ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಸಾರಿಗೆ ಅರಿಶಿನ ಹಾಕಿ, ಬೇಡ ಎನ್ನುವವರಾರು? ಕೀಮೋ ಬಿಟ್ಟು ಅರಿಶಿನ ಹಿಡಿಯುವುದು ಮಾತ್ರ ಬೇಡ.

ಗಾಜಿನ ತಟ್ಟೆಯ ನಂತರ ಇಲಿ, ಕೆಲವು ಸಲ ಬೇರೆ ಪ್ರಾಣಿಗಳು. ಅಲ್ಲಿ ಪಾಸಾದರೆ ಮನುಷ್ಯರು. ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಇದು ಅಪಾಯವಿಲ್ಲವೇ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಇನ್ನಷ್ಟು ರೋಗಿಗಳಲ್ಲಿ ಎಷ್ಟು ಪ್ರಮಾಣ ಕೊಡಬೇಕು, ಕೆಲಸ ಮಾಡುವ ಲಕ್ಷಣವಿದೆಯೇ ಎಂದು ನೋಡುತ್ತಾರೆ. ಮೂರನೆಯದರಲ್ಲಿ ನೂರಾರು, ಸಾವಿರಾರು ಜನರನ್ನು ಎರಡು ಗುಂಪು ಮಾಡಿ ಹೋಲಿಸುತ್ತಾರೆ. ಇಲಿಯಲ್ಲಿ ಗೆದ್ದ ಹೆಚ್ಚಿನ ಔಷಧಗಳು ಈ ದಾರಿಯಲ್ಲೇ ಎಲ್ಲೋ ಸೋಲುತ್ತವೆ.

ಕಳೆದ ಹಬ್ಬಕ್ಕೆ ಹೋದಾಗ ನಮ್ಮ ದೊಡ್ಡಮ್ಮ ಫೋನ್ ಮುಂದೆ ಹಿಡಿದು, ‘ಚೀನಾದ ಯಾವುದೋ ಯೂನಿವರ್ಸಿಟಿ ಶುಗರ್ ಪೂರ್ತಿ ವಾಸಿ ಮಾಡಿದೆಯಂತೆ ಕಂದಾ, ಇನ್ನೊಂದು ವರ್ಷದಲ್ಲಿ ಇಲ್ಲಿಗೂ ಬರುತ್ತಂತೆ. ಅಲ್ಲಿವರೆಗೂ ಈ ಮಾತ್ರೆ ಕಡಿಮೆ ಮಾಡ್ಕೊಳ್ಳಲಾ?’ ಎಂದರು. ಹುಡುಕಿ ನೋಡಿದರೆ ಸುದ್ದಿಯ ಬೇರು ನಿಜವಾದದ್ದೇ. ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರೂ ಇದ್ದ ತಂಡವೊಂದು 2024ರ ಸೆಪ್ಟೆಂಬರ್‌ನಲ್ಲಿ ‘ಸೆಲ್’ ಎಂಬ ಹೆಸರಾಂತ ಜರ್ನಲ್‌ನಲ್ಲಿ ಪೇಪರ್ ಪ್ರಕಟಿಸಿತ್ತು. 25 ವರ್ಷದ ಮಹಿಳೆಯೊಬ್ಬರ ದೇಹದಿಂದಲೇ ಕೋಶ ತೆಗೆದು, ಅವನ್ನು ಕಾಂಡಕೋಶಗಳಾಗಿ ಬದಲಿಸಿ, ಅವುಗಳಿಂದ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಬೆಳೆಸಿ ಹೊಟ್ಟೆಯ ಸ್ನಾಯುವಿನ ಬಳಿ ಸೇರಿಸಿದ್ದರು. 75 ದಿನಗಳ ನಂತರ ಆಕೆಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಲಿಲ್ಲ, ಒಂದು ವರ್ಷದ ತನಕವೂ ಹಾಗೇ ಇದ್ದರು. ಬೆರಗಾಗುವಂಥ ಕೆಲಸ.

ಆದರೆ ಫಾರ್ವರ್ಡ್ ಬಿಟ್ಟದ್ದೇನು? ಆ ಪೇಪರ್‌ನಲ್ಲಿದ್ದದ್ದು ಒಬ್ಬರೇ ರೋಗಿಯ ಫಲಿತಾಂಶ. ಅವರದ್ದು ಟೈಪ್ 1 ಮಧುಮೇಹ, ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ಕೋಶಗಳನ್ನು ನಾಶ ಮಾಡುವ ಕಾಯಿಲೆ. ನಮ್ಮ ದೊಡ್ಡಮ್ಮನಿಗಿರುವುದು, ನಮ್ಮಲ್ಲಿ ಬಹುಪಾಲು ಜನರಿಗಿರುವುದು ಟೈಪ್ 2. ಮತ್ತೂ ಒಂದು ಮಾತು: ಆ ಮಹಿಳೆಗೆ ಮೊದಲೇ ಲಿವರ್ ಕಸಿಯಾಗಿತ್ತು, ಅದಕ್ಕಾಗಿ ರೋಗನಿರೋಧಕ ಶಕ್ತಿಯನ್ನು ಅದುಮಿಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆ ಇಲ್ಲದಿದ್ದರೆ ಹೊಸ ಕೋಶಗಳು ಉಳಿಯುತ್ತಿದ್ದವೇ ಎಂಬುದಕ್ಕೆ ಈ ಪ್ರಯೋಗದಲ್ಲಿ ಉತ್ತರವಿಲ್ಲ. ಇಷ್ಟನ್ನೂ ಪೇಪರ್ ಮುಚ್ಚಿಟ್ಟಿಲ್ಲ, ಬಿಡಿಸಿ ಬರೆದಿದೆ. ದಾರಿಯಲ್ಲಿ ಉದುರಿಹೋಗಿದೆ ಅಷ್ಟೆ. ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ‘ಹಾಗಾದ್ರೆ ಮಾತ್ರೆ ತಗೋಬೇಕು ಅನ್ನು’ ಎಂದು ಬೇಸರದಿಂದಲೇ ಒಳಗೆ ಹೋದರು. ಮಾತ್ರೆ ಅರ್ಧ ಮಾಡಿಕೊಂಡಿದ್ದರೆ ಕಣ್ಣು, ಕಿಡ್ನಿ, ಕಾಲು ಯಾವುದಕ್ಕೆ ಏಟು ಬೀಳುತ್ತಿತ್ತೋ.

ಉತ್ಪ್ರೇಕ್ಷೆ ಎಲ್ಲಿ ಸೇರಿಕೊಳ್ಳುತ್ತದೆ?

ನಾನು ಓದಿದ್ದು ಸಂವಹನ, ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು. ನಾವೆಲ್ಲ ಟಿವಿಯನ್ನೋ ವಾಟ್ಸಾಪ್ ಅನ್ನೋ ಬೈಯುತ್ತೇವೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವೊಂದು ಒಂದು ಹೆಜ್ಜೆ ಹಿಂದಕ್ಕೆ ಹೋಗಿ ನೋಡಿತು. 20 ಪ್ರಮುಖ ಬ್ರಿಟಿಷ್ ವಿಶ್ವವಿದ್ಯಾಲಯಗಳು ಆರೋಗ್ಯ ಸಂಶೋಧನೆಯ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪೇಪರ್‌ಗಳ ಜೊತೆ, ಬಂದ ಸುದ್ದಿಗಳ ಜೊತೆ ಹೋಲಿಸಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ, ಪ್ರಾಣಿಗಳ ಮೇಲಿನ ಅಧ್ಯಯನವನ್ನು ಮನುಷ್ಯರಿಗೆ ಎಳೆದು ಹೇಳುವ ಉತ್ಪ್ರೇಕ್ಷೆ ಶೇ 36ರಷ್ಟು ಪ್ರಕಟಣೆಗಳಲ್ಲಿತ್ತು. ಅಂದರೆ ಅದು ವಿಶ್ವವಿದ್ಯಾಲಯದ ಕಚೇರಿಯಿಂದಲೇ ಹೊರಟಿತ್ತು. ಹಾಗೆ ಹೊರಟಾಗ ಶೇ 86ರಷ್ಟು ಸುದ್ದಿಗಳಲ್ಲಿ ಅದೇ ಉತ್ಪ್ರೇಕ್ಷೆ ಕಾಣಿಸಿತು. ಪ್ರಕಟಣೆ ನೇರವಾಗಿದ್ದಾಗ ಸುದ್ದಿ ಕೆಟ್ಟದ್ದು ಶೇ 10ರಷ್ಟು ಮಾತ್ರ. ರ‍್ಯಾಂಕಿಂಗ್, ಮುಂದಿನ ಅನುದಾನ, ಪತ್ರಿಕೆಯಲ್ಲಿ ಹೆಸರು ಇವೆಲ್ಲ ವಿಶ್ವವಿದ್ಯಾಲಯಗಳಿಗೂ ಬೇಕು. ನಮ್ಮಲ್ಲಿ ಹೀಗಿಲ್ಲ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಹಾಗಾದರೆ ಪ್ರಾಜೆಕ್ಟ್‌ಗಳಿಂದ ನಮಗೆ ಏನೂ ಬರುವುದಿಲ್ಲವೇ?

ಬರುತ್ತದೆ, ನಿಧಾನವಾಗಿ. ನೀವು ಇದನ್ನು ಓದುತ್ತಿರುವ ಫೋನಿನ ಬ್ಯಾಟರಿಯನ್ನೇ ತೆಗೆದುಕೊಳ್ಳಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅದರ ಮೂಲ ಕಲ್ಪನೆಯನ್ನು ಮಾಡಿ ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡ್ ಬಳಸಿ ಅದರ ಬಲ ಹೆಚ್ಚಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಅದನ್ನು ಸುರಕ್ಷಿತವಾಗಿಸಿದರು. ಅಂಗಡಿಗೆ ಬಂದದ್ದು 1991ರಲ್ಲಿ, ಸೋನಿ ಕಂಪನಿಯಿಂದ. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ. ‘5 ನಿಮಿಷ ಚಾರ್ಜ್, 1000 ಕಿಲೋಮೀಟರ್’ ಎಂಬ ಹೊಸ ಬ್ಯಾಟರಿಯ ಸುದ್ದಿ ಬಂದಾಗ ಈ ವರ್ಷಗಳನ್ನು ನೆನಪಿಸಿಕೊಳ್ಳಿ. ಎಂಜಿನಿಯರ್‌ಗಳು ತಂತ್ರಜ್ಞಾನದ ಸಿದ್ಧತೆಯನ್ನು 1ರಿಂದ 9ರವರೆಗೆ ಅಳೆಯುತ್ತಾರೆ. ಅಮೆರಿಕದ ನಾಸಾದಲ್ಲಿ ಹುಟ್ಟಿದ ಅಳತೆ ಇದು. ವಿಶ್ವವಿದ್ಯಾಲಯದ ಹೆಚ್ಚಿನ ಪ್ರಾಜೆಕ್ಟ್‌ಗಳು ಮೊದಲ ಮೂರು ನಾಲ್ಕು ಮೆಟ್ಟಿಲಲ್ಲಿರುತ್ತವೆ. ನಾಣ್ಯದಗಲದ ಬ್ಯಾಟರಿ ಲ್ಯಾಬ್‌ನಲ್ಲಿ ನೂರು ಸಲ ಚಾರ್ಜ್ ಆದರೆ ಅದು ಸಾಧನೆಯೇ, ಆದರೆ ಸ್ಕೂಟರ್ ಷೋರೂಮ್ ಅಲ್ಲಿಂದ ದೂರ ಇದೆ.

ಫೋನಿಗಿಂತ ಹತ್ತಿರದ ಉದಾಹರಣೆ ನಮ್ಮ ತಟ್ಟೆಯಲ್ಲಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಲಕ್ಷ್ಮಣಯ್ಯನವರನ್ನು ಹಳೆಯ ರೈತರು ಇಂದಿಗೂ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆಯುತ್ತಾರೆ. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಮೇಲಾಗಿ ಅದು ತನ್ನ ಪರಾಗವನ್ನೇ ತಾನು ಬಳಸಿಕೊಳ್ಳುತ್ತದೆ. ಹಾಗಾಗಿ ಎರಡು ತಳಿಗಳನ್ನು ಸೇರಿಸುವುದೇ ಸಾಹಸ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಮುಂತಾದ ತಳಿಗಳನ್ನು ಕೊಟ್ಟ ಮೇಲೆ ಅವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸೇರಿಸಿದರು. ಹಾಗೆ ಬಂದದ್ದೇ ‘ಇಂಡಾಫ್’ ತಳಿಗಳು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಒಂದು ತಳಿ ಸಿದ್ಧವಾಗಲು ಹಲವು ಬೆಳೆ ಬೇಕು. ಸೇರಿಸಿದ ಗಿಡದ ಬೀಜ ಬಿತ್ತಿ, ಒಳ್ಳೆಯದನ್ನು ಆರಿಸಿ, ಮತ್ತೆ ಬಿತ್ತಿ, ಗುಣ ನೆಲೆಗೊಂಡ ಮೇಲೆ ಬೇರೆ ಬೇರೆ ಊರಿನ ಮಣ್ಣಿನಲ್ಲಿ ಪರೀಕ್ಷಿಸಿ, ಕೊನೆಗೆ ರೈತರ ಹೊಲ. ಸುಮಾರು ಎಂಟು ಹತ್ತು ವರ್ಷದ ಕೆಲಸ. ರಾಗಿ ಬೆಳೆಗೆ ಕಾಲವೇ ಮೂರ್ನಾಲ್ಕು ತಿಂಗಳು. ಅದನ್ನು ಅವಸರ ಮಾಡಿಸಲು ಯಾವ ಪ್ರಾಧ್ಯಾಪಕರಿಂದಲೂ ಆಗದು.

ಲ್ಯಾಬ್‌ನಲ್ಲಿ ಸರಿಯಾದದ್ದು ಊರಿನಲ್ಲಿ ಸರಿಯಾಗದೆ, ಮತ್ತೆ ಬೇರೆ ರೀತಿಯಲ್ಲಿ ಸರಿಯಾದ ಕಥೆಯೂ ನಮ್ಮಲ್ಲಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಹೊಗೆ ಹೊರಗೆ ಹೋಗುವ, ಸೌದೆ ಉಳಿಸುವ ‘ಅಸ್ತ್ರ ಒಲೆ’ ಎಷ್ಟೋ ಅಜ್ಜಿಯರಿಗೆ ಗೊತ್ತು. ಅದೇ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಉದ್ದೇಶ ಊರಿನ ಅಡುಗೆ. ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಯೋಜನೆ ನಿಂತಿತು. ಆಮೇಲೆ ಊರಿಗೆ ಮೊದಲು ಬೇಕಾದದ್ದೇನು ಎಂಬಲ್ಲಿಂದ ಮತ್ತೆ ಶುರು ಮಾಡಿದರು. ಬೇಕಾದದ್ದು ಕುಡಿಯುವ ನೀರು. 1987ರಿಂದ ಆ ಗ್ಯಾಸ್ ಅನ್ನು ಡೀಸೆಲ್ ಜೊತೆ ಎಂಜಿನ್‌ಗೆ ಕೊಟ್ಟು ವಿದ್ಯುತ್ ಮಾಡಿದರು. ಅದರಿಂದ ಕೊಳವೆ ಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ಗೊಬ್ಬರ ವಾಪಸ್ ಸಿಗುತ್ತಿತ್ತು, ತಂದ ಕೂಲಿಯೂ ಸಿಗುತ್ತಿತ್ತು. ‘ಗೋಬರ್ ಗ್ಯಾಸ್‌ನಿಂದ ಹಳ್ಳಿಯ ಅಡುಗೆ ಸಮಸ್ಯೆಗೆ ಮುಕ್ತಿ’ ಎಂದು ಮೊದಲ ವರ್ಷವೇ ಫಾರ್ವರ್ಡ್ ಮಾಡಿದ್ದರೆ ಅದು ಸುಳ್ಳಾಗುತ್ತಿತ್ತು. ‘ಪ್ರಾಜೆಕ್ಟ್ ಫೇಲ್’ ಎಂದು ಎರಡನೆಯ ಸಲ ಮಾಡಿದ್ದರೆ ಅದೂ ಸುಳ್ಳಾಗುತ್ತಿತ್ತು.

ಮೆಸೇಜ್ ಕೈಗೆ ಬಂದಾಗ ಏನು ನೋಡಬೇಕು?

ಮೊದಲು ಹೆಸರು. ‘ಅಮೆರಿಕದ ವಿಜ್ಞಾನಿಗಳು’ ಎಂದಷ್ಟೇ ಇದ್ದರೆ ಅಲ್ಲಿಗೇ ಬಿಡಿ. ಯಾವ ವಿಶ್ವವಿದ್ಯಾಲಯ, ಯಾವ ವಿಭಾಗ, ಯಾರು, ಯಾವ ಜರ್ನಲ್, ಯಾವ ವರ್ಷ ಎಂಬುದರಲ್ಲಿ ಎರಡಾದರೂ ಇರಬೇಕು. ಇದ್ದರೆ ಆ ಹೆಸರನ್ನೂ ವಿಷಯವನ್ನೂ ಸೇರಿಸಿ ಗೂಗಲ್ ಮಾಡಿ. ನಿಜವಾದ ಸಂಶೋಧನೆಯಾಗಿದ್ದರೆ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅಲ್ಲಿ ಯಾರ ಮೇಲೆ ಪ್ರಯೋಗ ಮಾಡಿದರು, ಎಷ್ಟು ಜನ ಎಂಬ ಎರಡು ಪ್ರಶ್ನೆಗೆ ಉತ್ತರ ಹುಡುಕಿ. ‘ಇಲಿ’ ಎಂಬ ಪದ ಕಂಡರೆ ಅರ್ಧ ಕೆಲಸ ಮುಗಿಯಿತು. ಸರ್ಕಾರದ ಹೆಸರು ಸೇರಿಸಿದ್ದರೆ ಪಿಐಬಿ ಫ್ಯಾಕ್ಟ್ ಚೆಕ್ ಖಾತೆಯಲ್ಲಿ ನೋಡಬಹುದು. ‘ಎಲ್ಲರಿಗೂ ಕಳಿಸಿ’ ಎಂದು ಯಾವ ಜರ್ನಲ್ಲೂ ಬರೆಯುವುದಿಲ್ಲ.

ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದು, ಯಾರಾದರೂ ‘ಇದು ಹೊಸ ಸಂಶೋಧನೆ, ನಮ್ಮಲ್ಲಿ ಟ್ರಯಲ್ ನಡೆಯುತ್ತಿದೆ, ಸೇರಿಕೊಳ್ಳಿ’ ಎಂದರೆ ವಿಷಯ ಇನ್ನೂ ಗಂಭೀರ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾದಲ್ಲಿ ನೋಂದಣಿಯಾಗಬೇಕು. ಈ ಪಟ್ಟಿ ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ತೆರೆದಿದೆ, ಆಸ್ಪತ್ರೆಯ ಹೆಸರು ಹಾಕಿ ಹುಡುಕಬಹುದು. ಅವರು ನೋಂದಣಿ ಸಂಖ್ಯೆ ಹೇಳಲು ಹಿಂಜರಿದರೆ ಎದ್ದು ಬನ್ನಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಎಂದು 2019ರ ನಿಯಮಗಳು ಹೇಳುತ್ತವೆ. ಪರೀಕ್ಷೆಯ ಹಂತದಲ್ಲಿರುವ ಔಷಧಕ್ಕೆ ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ. ಕಾಂಡಕೋಶ ಚಿಕಿತ್ಸೆಯ ಹೆಸರಿನಲ್ಲಿ ಇದು ಹೆಚ್ಚು. ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಮುಂತಾದ ಕಸಿ ಬಿಟ್ಟರೆ ಬೇರೆಲ್ಲ ಕಾಂಡಕೋಶ ಚಿಕಿತ್ಸೆಯನ್ನೂ ನೋಂದಾಯಿತ ಪ್ರಯೋಗದಲ್ಲಿ ಮಾತ್ರ ಮಾಡಬೇಕು ಎಂದು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಸಹಿ ಹಾಕುವ ಮೊದಲು ಆ ಕಾಗದದ ಫೋಟೊ ತೆಗೆದು, ಈಗ ಚಿಕಿತ್ಸೆ ನೀಡುತ್ತಿರುವ ನಿಮ್ಮ ಡಾಕ್ಟರ್‌ಗೆ ಕಳಿಸಿ ಕೇಳಿ.